ಹರಕೆಯ ಬೆಲೆ, ಲಸಿಕೆಯ ಬೆಲೆ: ರೋಣ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಹೊಸದೊಂದು ಲಸಿಕೆ ಬಂದಾಗ ಜನ ಅದನ್ನು ಬಯಸುವರೇ, ಬಯಸಿದರೆ ಅದಕ್ಕೆ ಎಷ್ಟು ಬೆಲೆ ಕೊಡುವರು ಎಂಬುದು ಇಂದು ಆರೋಗ್ಯ ಅರ್ಥಶಾಸ್ತ್ರದ ಪ್ರಶ್ನೆ. ಗ್ರಾಮೀಣ ಸಮುದಾಯಗಳ ಬಗ್ಗೆ ಈ ಪ್ರಶ್ನೆ ಕೇಳುವಾಗ ಒಂದು ಪೂರ್ವಗ್ರಹ ಜೊತೆಗಿರುತ್ತದೆ. ಹಳ್ಳಿಯವರು ದೇವರ ಮೇಲೆ ಭಾರ ಹಾಕಿ ಮದ್ದನ್ನು ನಿರಾಕರಿಸುತ್ತಾರೆ ಎಂಬುದೇ ಅದು. ಅವಿಭಜಿತ ಧಾರವಾಡ ಜಿಲ್ಲೆಯ ಚರಿತ್ರೆಯನ್ನು ಜನಪದ ಆಚರಣೆಗಳ ಜೊತೆಗಿಟ್ಟು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಇಲ್ಲಿಯ ಜನ ಆರೋಗ್ಯಕ್ಕಾಗಿ ಬೆಲೆ ತೆರಲು ಎಂದೂ ಹಿಂದೆಗೆದವರಲ್ಲ. ಆ ಬೆಲೆ ಯಾವ ರೂಪದಲ್ಲಿತ್ತು, ಅದನ್ನು ಯಾರು ನಿಗದಿ ಮಾಡಿದರು ಎಂಬುದು ವಿಚಾರಾರ್ಹ.

ಮುಶಿಗೇರಿ ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡ ಪರಿಸರದ ಗ್ರಾಮ. 1997ರಲ್ಲಿ ಗದಗ ಜಿಲ್ಲೆ ರಚನೆಯಾಗುವವರೆಗೆ ರೋಣ ಸೀಮೆಯೆಲ್ಲ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಒಳಪಟ್ಟಿತ್ತು. ಮಳೆಯನ್ನೇ ನಂಬಿದ ಎರೆಭೂಮಿ ಇದು. ಜೋಳ, ಕಡಲೆ, ಹತ್ತಿ ಇಲ್ಲಿಯ ಬೆಳೆಗಳು. ಈ ಸೀಮೆಯ ಹಳ್ಳಿಗಳಲ್ಲಿ ಬೇನೆ ಬಂದಾಗ ಊರವರು ಕೂಡಿ ವಾರ ಹಿಡಿಯುವ ಪದ್ಧತಿ ಉತ್ತರ ಕರ್ನಾಟಕದ ಇತರ ಭಾಗಗಳಲ್ಲಿರುವಂತೆಯೇ ಇದೆ. ಗೊತ್ತುಪಡಿಸಿದ ವಾರಗಳಂದು ಗಳೇ ಹೂಡುವುದಿಲ್ಲ, ಕೂಲಿಗೆ ಹೋಗುವುದಿಲ್ಲ. ದ್ಯಾಮವ್ವ ದುರಗವ್ವರಿಗೆ ಉಡಿ ತುಂಬುತ್ತಾರೆ; ಮನೆಮನೆಯಿಂದ ಪಟ್ಟಿ ಎತ್ತಿ ದೇವಿಯ ಕಾರ್ಯ ನೆರವೇರಿಸುತ್ತಾರೆ. ದುಡಿದು ಉಣ್ಣುವ ಕುಟುಂಬಕ್ಕೆ ವಾರದಲ್ಲೊಂದು ದಿನದ ಕೂಲಿ ಬಿಡುವುದು ಸಣ್ಣ ವೆಚ್ಚವಲ್ಲ. ಆದರೂ ಅದನ್ನು ಕೊಡುತ್ತಾರೆ. ಈ ಪಾವತಿಗೆ ಎರಡು ಲಕ್ಷಣಗಳಿವೆ. ಮೊದಲನೆಯದು, ಅವರವರ ಶಕ್ತಿಗೆ ತಕ್ಕಂತೆ ಕೊಡುವುದು. ಎರಡನೆಯದು, ಕೊಡಲಾಗದವನ ಮನೆಯನ್ನೂ ಬಿಡದೆ ಇಡೀ ಊರಿನ ಹೆಸರಿನಲ್ಲಿ ಬೇಡಿಕೊಳ್ಳುವುದು. ರೋಗ ಒಂದು ಮನೆಯದಲ್ಲ, ಊರಿನದು ಎಂಬ ಅರಿವು ಇದರ ತಳಹದಿ.

ಲಸಿಕೆ ಈ ಲೋಕದೊಳಗೆ ಬಂದದ್ದು ದೇವಿಯ ಹೆಸರಿನಲ್ಲೇ. 1802ರ ಜೂನ್‌ನಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಗೋಸಿಡುಬಿನ ಲಸಿಕೆ ಫಲಿಸಿತು. ಭಾರತದಲ್ಲಿ ಇದೇ ಮೊದಲು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಚಿತ್ರಿಸಿದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರ ಈ ಲಸಿಕೆಯ ಪ್ರಚಾರಕ್ಕಾಗಿಯೇ ರಚಿತವಾದುದೆಂದು ಇತಿಹಾಸಕಾರರು ಅರ್ಥೈಸಿದ್ದಾರೆ. ಅರಮನೆಯ ಮಾದರಿಯನ್ನು ತೋರಿಸಿ ಜನರಲ್ಲಿ ಬಯಕೆ ಹುಟ್ಟಿಸುವ ಪ್ರಯತ್ನವದು. ಜನರಾದರೋ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಕನ್ನಡದಲ್ಲಿ ಸಿಡುಬಿನ ಲಸಿಕೆ ಹಾಕುವುದಕ್ಕೆ ‘ದೇವಿ ಹಾಕುವುದು’ ಎಂಬ ಮಾತು ನೆಲೆಗೊಂಡಿತು. ರೋಗವೂ ದೇವಿ, ಅದರ ತಡೆಯೂ ದೇವಿ. ಮದ್ದು ಮತ್ತು ದೈವ ಪರಸ್ಪರ ವಿರೋಧಿಗಳೆಂಬ ಭಾವನೆ ಈ ಪದದಲ್ಲಿಲ್ಲ ಎಂಬುದು ಗಮನಾರ್ಹ.

ಹೊಸ ಲಸಿಕೆಯ ಬೇಡಿಕೆಯನ್ನು ಅರಿಯಲು ಈ ಭಾಗದ ಬಹುಮುಖ್ಯ ನಿದರ್ಶನ 1898ರ ಹುಬ್ಬಳ್ಳಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗ ಮತ್ತು ವ್ಯಾಪಾರದ ಜಾಡು ಹಿಡಿದು ದಕ್ಷಿಣಕ್ಕೆ ಹರಡಿತು. ವಾಲ್ಡೆಮಾರ್ ಹಾಫ್‌ಕಿನ್ ತಾನು ಸಿದ್ಧಪಡಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ; ಬಳಿಕ ಬೈಕುಲಾ ಸೆರೆಮನೆಯಲ್ಲಿ ಮುಂದೆ ಬಂದ ಕೈದಿಗಳಿಗೆ ಕೊಟ್ಟ. ಮರುವರ್ಷವೇ ಅದು ಹುಬ್ಬಳ್ಳಿಗೆ ಬಂದಿತು. ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಮುಂದಾಳತ್ವದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ, ಸುಮಾರು 50,000 ಜನವಸತಿಯ ಆ ಊರಿನಲ್ಲಿ 38,000ಕ್ಕೂ ಮಿಕ್ಕಿ ಜನ ಚುಚ್ಚಿಸಿಕೊಂಡರು. ಆ ಕಾಲಕ್ಕೆ ಇದು ಅಸಾಧಾರಣ ಪ್ರಮಾಣ.

ಈ ಸಂಖ್ಯೆಯನ್ನು ವಿಜ್ಞಾನದ ಗೆಲುವೆಂದಷ್ಟೇ ಓದುವುದು ಸರಿಯಲ್ಲ. 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಅಪಾರ ಬಲ ನೀಡಿತ್ತು. ಮನೆ ಹೊಕ್ಕು ಶೋಧಿಸುವುದು, ರೈಲು ನಿಲ್ದಾಣದಲ್ಲಿ ಮೈ ಮುಟ್ಟಿ ಪರೀಕ್ಷಿಸುವುದು, ರೋಗಿಯ ನಂಟರನ್ನು ಪ್ರತ್ಯೇಕ ಛಾವಣಿಗೆ ಒಯ್ಯುವುದು, ಬಟ್ಟೆಬರೆ ಸುಡುವುದು ಸಾಮಾನ್ಯವಾಗಿದ್ದವು. ಪುಣೆಯಲ್ಲಿ ಇದರ ವಿರುದ್ಧದ ರೋಷ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲಿನ ಗುಂಡೇಟಿನಲ್ಲಿ ಪರ್ಯವಸಾನಗೊಂಡಿತು. ಇಂಥ ಹೊತ್ತಿನಲ್ಲಿ, ಚುಚ್ಚಿಸಿಕೊಂಡವರಿಗೆ ದಾಖಲೆಪತ್ರ ಕೊಟ್ಟು ಪ್ರತ್ಯೇಕವಾಸದ ನಿರ್ಬಂಧಗಳಿಂದ ಸಡಿಲಿಕೆ ನೀಡುವ ಕ್ರಮ ಮುಂಬಯಿ ಪ್ರಾಂತ್ಯದಲ್ಲಿ ಬಂದಿತು. ಲಸಿಕೆಗೆ ಜನ ಹಣ ತೆರಬೇಕಾಗಿರಲಿಲ್ಲ. ಆದರೆ ಅದನ್ನು ಪಡೆಯದಿದ್ದರೆ ತೆರಬೇಕಾದ ಬೆಲೆಯಿತ್ತು: ಮನೆ, ಕೆಲಸ, ಓಡಾಟ. ಸಾವಿನ ಭಯ ಮತ್ತು ಛಾವಣಿಯ ಭಯ ಎರಡೂ ಕೂಡಿ ಆ ಬೇಡಿಕೆಯನ್ನು ಸೃಷ್ಟಿಸಿದವು. ಅದರಲ್ಲಿ ಸ್ವಇಚ್ಛೆ ಎಷ್ಟು, ಒತ್ತಾಯ ಎಷ್ಟು ಎಂದು ಬೇರ್ಪಡಿಸಿ ತೂಗುವುದು ಕಷ್ಟ.

ಲಸಿಕೆ ಪಡೆದವನೂ ಬೆಲೆ ತೆರುತ್ತಿದ್ದ. ಆರಂಭದ ಹಾಫ್‌ಕಿನ್ ಲಸಿಕೆ ಜ್ವರ, ಬಾವು ತರುತ್ತಿತ್ತು; ಒಂದೆರಡು ದಿನದ ದುಡಿಮೆ ತಪ್ಪುತ್ತಿತ್ತು. ರಕ್ಷಣೆಯೂ ಕೆಲವು ತಿಂಗಳದ್ದೇ ಆದ್ದರಿಂದ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಇದಕ್ಕೆ ಎದುರಾಗಿ ಹಳ್ಳಿಗಳಲ್ಲಿ ಬೇರೊಂದು ಉಪಾಯವಿತ್ತು. ‘ಇಲಿ ಬಿದ್ದವು’ ಎಂದು ಸುದ್ದಿಯಾದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಊರು ಬಿಡುವುದರ ವೆಚ್ಚವನ್ನು, ಅಂದರೆ ಕಾಳುಕಡಿ ಸಾಗಿಸುವ ಶ್ರಮ, ಮಳೆಗಾಳಿ, ಕಳವಿನ ಭಯವನ್ನು ಸಹಿಸಿದ್ದು ಮೂಢತನದಿಂದಲ್ಲ, ಅನುಭವದಿಂದ. ಇಲಿಗೂ ಪ್ಲೇಗಿಗೂ ಇರುವ ನಂಟನ್ನು ವಿಜ್ಞಾನವೂ ಮುಂದೆ ಖಚಿತಪಡಿಸಿತು.

ನಂಬಿಕೆ ಎಷ್ಟು ನಾಜೂಕು ಎಂಬುದನ್ನು 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮ ತೋರಿಸಿತು. ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಮೇಲಿನ ಆರೋಪ ತೊಲಗಲು 1907 ಆಗಬೇಕಾಯಿತು. ಬೇಡಿಕೆ ಎಂಬುದು ಮದ್ದಿನ ಗುಣವನ್ನಷ್ಟೇ ಅಲ್ಲ, ಅದನ್ನು ಕೊಡುವವರ ಮೇಲಿನ ಭರವಸೆಯನ್ನೂ ಅವಲಂಬಿಸಿದೆ.

21ನೆಯ ಶತಮಾನದಲ್ಲಿ ಈ ಬೇಡಿಕೆಯನ್ನು ಸಮೀಕ್ಷೆಯ ಮೂಲಕ ಅಳೆಯುವ ಪ್ರಯತ್ನ ನಡೆದಿದೆ. 2000ರ ದಶಕದಲ್ಲಿ ಕೊಲ್ಕತ್ತಾ, ಮೊಜಾಂಬಿಕ್‌ನ ಬೈರಾ, ವಿಯೆಟ್ನಾಂನ ಹ್ವೆ ಮೊದಲಾದೆಡೆ ಕಾಲರಾ ಅಥವಾ ಟೈಫಾಯ್ಡ್ ಲಸಿಕೆಯನ್ನು ಇಂತಿಷ್ಟು ಬೆಲೆಗೆ ಕೊಳ್ಳುವಿರಾ ಎಂದು ಮನೆಗಳವರನ್ನು ಕೇಳಲಾಯಿತು. ಹ್ವೆಯಲ್ಲಿ ಆಲೋಚಿಸಲು ಒಂದು ರಾತ್ರಿಯ ಅವಕಾಶ ಪಡೆದವರು ತಕ್ಷಣ ಉತ್ತರಿಸಿದವರಿಗಿಂತ ಕಡಿಮೆ ಬೆಲೆ ಹೇಳಿದರು. ‘ಮನ್ಯಾಗ ಕೇಳಿ ಹೇಳತೀವಿ’ ಎಂಬ ನಮ್ಮ ಹಳ್ಳಿಗಳ ಉತ್ತರವನ್ನು ನುಣುಚಿಕೊಳ್ಳುವ ಮಾತೆಂದು ತಿಳಿಯುವ ಸಮೀಕ್ಷಕರಿಗೆ ಇದರಲ್ಲಿ ಪಾಠವಿದೆ. ಮನೆಯ ಲೆಕ್ಕ ಒಬ್ಬನದಲ್ಲ. ಬೀಜ, ಬಡ್ಡಿ, ಬಸುರಿ ಬಾಣಂತಿಯರ ಖರ್ಚು ಎಲ್ಲವನ್ನೂ ಕೂಡಿಸಿ ಕಳೆದ ಮೇಲೆ ಬರುವ ಉತ್ತರವೇ ನಿಜವಾದ ಉತ್ತರ.

ಕೊರೋನಾ ಕಾಲದ ಅಂಕಿಗಳು ಇದನ್ನು ಸ್ಪಷ್ಟಪಡಿಸುತ್ತವೆ. 2021ರ ಜೂನ್‌ನಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೋವಿಶೀಲ್ಡ್‌ನ ಗರಿಷ್ಠ ಬೆಲೆ 780 ರೂಪಾಯಿ, ಕೋವ್ಯಾಕ್ಸಿನ್‌ನದು 1,410 ರೂಪಾಯಿ ಎಂದು ನಿಗದಿಯಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 289 ರೂಪಾಯಿ. ಎಂದರೆ ಅಗ್ಗದ ಲಸಿಕೆಯ ಎರಡು ಡೋಸಿಗೆ ಒಬ್ಬರ ಐದು ದಿನಗಳಿಗೂ ಮಿಕ್ಕಿದ ಕೂಲಿ; ನಾಲ್ವರು ದೊಡ್ಡವರಿರುವ ಮನೆಗೆ ಇಪ್ಪತ್ತೊಂದು ದಿನಗಳಿಗೂ ಹೆಚ್ಚು. ಇದಕ್ಕೂ ಮುಂಚೆ, 18ರಿಂದ 44 ವಯಸ್ಸಿನವರಿಗೆ ಸರಕಾರಿ ಲಸಿಕೆ ತೆರೆದ ಮೇ ತಿಂಗಳಲ್ಲಿ ಮೊಬೈಲಿನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕಿತ್ತು. ಕೊರತೆಯಿಂದಾಗಿ ಮೇ 14ರಿಂದ ರಾಜ್ಯದಲ್ಲಿ ಆ ವಯೋಮಾನದವರ ಲಸಿಕಾಕಾರ್ಯವೇ ಕೆಲಕಾಲ ನಿಂತಿತು. ಜೂನ್ 21ರಿಂದ ವಯಸ್ಕರೆಲ್ಲರಿಗೂ ಲಸಿಕೆ ಕೇಂದ್ರ ಸರಕಾರದಿಂದ ಉಚಿತವಾಗಿ ದೊರೆಯತೊಡಗಿತು. 2023ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ದೇಶೀ ಲಸಿಕೆ ಮಾರುಕಟ್ಟೆಗೆ ಬಂದಾಗ ಡೋಸಿನ ಬೆಲೆ 2,000 ರೂಪಾಯಿ. ಆ ವರ್ಷದ ದಿನಗೂಲಿ 316 ರೂಪಾಯಿ. ಒಬ್ಬ ಮಗಳ ಎರಡು ಡೋಸಿಗೆ ಹದಿಮೂರು ದಿನಗಳ ಕೂಲಿ. ಇಬ್ಬರು ಹೆಣ್ಣುಮಕ್ಕಳಿರುವ ಮನೆ ಈ ಬೆಲೆಗೆ ‘ಒಲ್ಲೆವು’ ಎಂದರೆ ಅದನ್ನು ಅಜ್ಞಾನವೆಂದು ದಾಖಲಿಸುವುದು ಅನ್ಯಾಯ.

ಮುಶಿಗೇರಿಯಂಥ ಊರುಗಳಲ್ಲಿ ಲಸಿಕೆಯ ಬೇಡಿಕೆಯನ್ನು ಅಳೆಯಬೇಕಾದವರು ಹಣದ ಅಂಕಿಯ ಜೊತೆಗೆ ತಪ್ಪುವ ಕೂಲಿಯನ್ನು, ದವಾಖಾನೆಯ ದೂರವನ್ನು, ಕೊಡುವ ಕೈಯ ಮೇಲಿನ ಭರವಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1898ರ ಆಡಳಿತ ಲಸಿಕೆಯನ್ನು ಬಿಟ್ಟಿ ಕೊಟ್ಟು ನಿರ್ಬಂಧದ ಮೂಲಕ ಬೆಲೆ ಪಡೆಯಿತು. ಇಂದಿನ ಮಾರುಕಟ್ಟೆ ಸ್ವಾತಂತ್ರ್ಯ ಕೊಟ್ಟು ಹಣ ಕೇಳುತ್ತದೆ. ವಾರ ಹಿಡಿಯುವ ಊರು ಮೂರನೆಯ ಕ್ರಮವೊಂದನ್ನು ಬಹುಕಾಲದಿಂದ ಪಾಲಿಸಿಕೊಂಡು ಬಂದಿದೆ: ಶಕ್ತಿ ಇದ್ದಷ್ಟು ಪಟ್ಟಿ, ಎಲ್ಲ ಮನೆಗೂ ರಕ್ಷೆ. ಸಾರ್ವಜನಿಕ ಲಸಿಕಾನೀತಿಗೆ ಇದಕ್ಕಿಂತ ಸ್ಪಷ್ಟವಾದ ಜನಪದ ಆಧಾರ ಬೇಕಿಲ್ಲ.