ಎಂಡೋಸಲ್ಫಾನ್ ಸಂತ್ರಸ್ತರ ಆರೈಕೆಯ ಪರಿಶೀಲನೆ, ಕಾಸರಗೋಡು

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಕಾಸರಗೋಡು ಜಿಲ್ಲೆಯ ಅಂಗವಿಕಲರ ಪರಿಹಾರ, ಚಿಕಿತ್ಸೆ ಹಾಗೂ ವಸತಿಯನ್ನು ಸರ್ಕಾರ ಮತ್ತು ನ್ಯಾಯಾಲಯಗಳು ಹಲವು ಸಲ ಪರಿಶೀಲಿಸಿವೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಈ ವಿಷ ಸಿಂಪಡಿಸಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮೊದಲು ದನಿಯೆತ್ತಿದವರಲ್ಲಿ ವೈದ್ಯ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇದ್ದರು, ಇಬ್ಬರೂ ಕನ್ನಡಿಗರು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಪರಿಹಾರವನ್ನು ಶಿಫಾರಸು ಮಾಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಆದೇಶಿಸಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಲೆಕ್ಕ ನೋಡಿದಾಗ 3,704 ಮಂದಿಯಲ್ಲಿ ಹಣ ತಲುಪಿದ್ದು 8 ಜನರಿಗೆ, ಅದೂ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದವರಿಗೆ. ಇದು ಅಕ್ಷಮ್ಯ ವಿಳಂಬ. ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳೂ ಸಭೆ ನಡೆಸಬೇಕೆಂದು ನ್ಯಾಯಾಲಯ ಸೂಚಿಸಿತು.

ಪರಿಹಾರದ ಜೊತೆಗೆ ಆರೈಕೆಯ ಪ್ರಶ್ನೆಯೂ ಇದೆ. ಸಂತ್ರಸ್ತ ಮಕ್ಕಳ ಹಗಲಿನ ಆರೈಕೆಗೆ ಪಂಚಾಯತುಗಳ ಬಡ್ಸ್ ಶಾಲೆಗಳಿವೆ. ಸಂಜೆಯಾದರೆ ಅವರು ಮನೆಗೆ ಮರಳಬೇಕು. ಹಾಸಿಗೆ ಹಿಡಿದ ಮಗುವನ್ನು ತಾಯಿಯ ಕಾಲಾನಂತರ ನೋಡಿಕೊಳ್ಳುವವರು ಯಾರು ಎಂಬುದೇ ಇಲ್ಲಿನ ಮನೆಗಳ ದೊಡ್ಡ ಚಿಂತೆ. ಅದಕ್ಕಾಗಿಯೇ ಸರ್ಕಾರ ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮವನ್ನು ಯೋಜಿಸಿತು.