ಹಿರಿಯರ ನೆನಪು, ಮಕ್ಕಳ ಲೇಖನಿ

ನಾಡಿನ ಇತಿಹಾಸವೆಂದರೆ ಅರಸರ ಶಾಸನಗಳು ಮತ್ತು ಕಾಳಗಗಳ ತೇದಿಗಳು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಉಳುವವನ ಮನೆಯಲ್ಲಿ ಏನನ್ನು ಉಣ್ಣುತ್ತಿದ್ದರು, ಜ್ವರ ಬಂದಾಗ ಯಾವ ಬೇರನ್ನು ಅರೆದು ಕುಡಿಸುತ್ತಿದ್ದರು, ಬರಗಾಲದಲ್ಲಿ ಯಾರು ಯಾರ ಕೈ ಹಿಡಿದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಅಂತಹ ಸಂಗತಿಗಳು ವಯೋವೃದ್ಧರ ನೆನಪಿನಲ್ಲಿರುತ್ತವೆ. ಕೇಳುವವರಿಲ್ಲದಿದ್ದರೆ ಅವರೊಡನೆಯೇ ಮಣ್ಣುಗೂಡುತ್ತವೆ. ಈ ನಷ್ಟವನ್ನು ತಡೆಯಲು ಐರ್ಲೆಂಡ್ ಎಂಬ ಚಿಕ್ಕ ದೇಶವು 1937ರಲ್ಲಿ ತನ್ನ ಶಾಲಾಮಕ್ಕಳನ್ನೇ ಹಿರಿಯರ ಬಳಿಗೆ ಕಳುಹಿಸಿದ ವೃತ್ತಾಂತವನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಪ್ರಯತ್ನದ ಮಹತ್ವವನ್ನು ಅರಿಯಬೇಕಾದರೆ ಅದಕ್ಕೆ ನೂರು ವರ್ಷ ಹಿಂದಿನ ಸ್ಥಿತಿಯನ್ನು ತಿಳಿಯಬೇಕು. ಬ್ರಿಟಿಷ್ ಆಡಳಿತವು 1831ರಲ್ಲಿ ಐರ್ಲೆಂಡಿನಲ್ಲಿ ಸಾರ್ವಜನಿಕ ಪ್ರಾಥಮಿಕ ಶಾಲೆಗಳ ವ್ಯವಸ್ಥೆಯನ್ನು ಆರಂಭಿಸಿತು. ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ಎಷ್ಟೋ ಕಡೆಗಳಲ್ಲಿ ಐರಿಷ್ ಭಾಷೆಯಾಡುವ ಮಗುವಿನ ಕೊರಳಿಗೆ ಒಂದು ಕೋಲನ್ನು ತೂಗುಹಾಕಿ, ಆಡಿದ ಒಂದೊಂದು ತಪ್ಪಿಗೂ ಅದರ ಮೇಲೆ ಗೀಟು ಕೊರೆದು, ಸಂಜೆ ಲೆಕ್ಕ ಮಾಡಿ ಶಿಕ್ಷಿಸುತ್ತಿದ್ದರು. ಮಕ್ಕಳ ಏಳಿಗೆಗೆ ಇಂಗ್ಲಿಷೇ ದಾರಿಯೆಂದು ನಂಬಿದ ತಂದೆತಾಯಿಗಳೂ ಇದಕ್ಕೆ ಸಮ್ಮತಿಸಿದ್ದುಂಟು. ಅದರ ಮೇಲೆ 1845ರಲ್ಲಿ ಬಡವರ ಮುಖ್ಯ ಆಹಾರವಾದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವೆ ಮತ್ತು ರೋಗಗಳಿಂದ ಮಡಿದರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನ ಕಡಲು ದಾಟಿ ಹೋದರು. ಐರಿಷ್ ಭಾಷೆಯನ್ನಾಡುತ್ತಿದ್ದ ಪಶ್ಚಿಮ ಭಾಗದ ಬಡವರಿಗೇ ಪೆಟ್ಟು ಬಲವಾಗಿ ಬಿದ್ದಿತು. ಕಾಲಕ್ರಮದಲ್ಲಿ ಅಜ್ಜಿಯಾಡುವ ಮಾತು ಮೊಮ್ಮಗುವಿಗೆ ತಿಳಿಯದಂತಾದ ಮನೆಗಳೂ ಕಂಡುಬಂದವು.

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯವು ಸ್ಥಾಪಿತವಾಯಿತು. ಸರಕಾರವು 1935ರಲ್ಲಿ ಜಾನಪದ ಆಯೋಗವೊಂದನ್ನು ರಚಿಸಿತು. ಅದರ ನಿರ್ದೇಶಕರು ಷೇಮಸ್ ಓ ಡಿಲಾರ್ಗ. ಸಂಗ್ರಹಾಲಯದ ಹೊಣೆ ಹೊತ್ತವರು ಷಾನ್ ಓ ಸೂಲಿವಾನ್. ಆಯೋಗದ ಕೈಯಲ್ಲಿದ್ದ ಪೂರ್ಣಾವಧಿ ಸಂಗ್ರಾಹಕರು ಬೆರಳೆಣಿಕೆಯಷ್ಟು ಮಂದಿ, ಹಳ್ಳಿಗಳೋ ಸಾವಿರಾರು. ವೃದ್ಧರು ವರ್ಷವರ್ಷವೂ ಕಣ್ಮರೆಯಾಗುತ್ತಿದ್ದರು. ಆದರೆ ಊರೂರಿನಲ್ಲಿಯೂ ಒಂದು ಶಾಲೆಯಿತ್ತು. ಶಿಕ್ಷಣ ಇಲಾಖೆ ಮತ್ತು ಅಧ್ಯಾಪಕರ ಸಂಘದ ಸಹಕಾರದಿಂದ ಆಯೋಗವು 5 ಮತ್ತು 6ನೆಯ ತರಗತಿಗಳ ಮಕ್ಕಳನ್ನೇ, ಎಂದರೆ ಸುಮಾರು 11ರಿಂದ 14 ವರ್ಷದವರನ್ನೇ, ಸಂಗ್ರಾಹಕರನ್ನಾಗಿ ಮಾಡಿತು.

ಅದರ ಕ್ರಮವು ಅತಿ ಸರಳವಾದುದು. 55 ವಿಷಯಗಳನ್ನು ವಿವರಿಸುವ ಕೈಪಿಡಿಯೊಂದನ್ನು ಅಧ್ಯಾಪಕರಿಗೆ ಕಳುಹಿಸಲಾಯಿತು: ಊರಿನ ಕುಲುಮೆ, ರೊಟ್ಟಿ ಸುಡುವ ಬಗೆ, ಮನೆಮದ್ದು, ಮಳೆಯ ಮುನ್ಸೂಚನೆ, ಹೂತಿಟ್ಟ ನಿಧಿಯ ಕಥೆ, ಮಕ್ಕಳಾಟ, ಬರಗಾಲದ ದಿನಗಳು ಇತ್ಯಾದಿ. ವಾರದ ಪ್ರಬಂಧ ಲೇಖನಕ್ಕೆ ಬದಲಾಗಿ ಇವುಗಳಲ್ಲೊಂದು ವಿಷಯವನ್ನು ಅಧ್ಯಾಪಕರು ಕೊಡುವರು. ಮಗು ಮನೆಗೆ ಹೋಗಿ ಅಜ್ಜನನ್ನೋ ಅಜ್ಜಿಯನ್ನೋ ನೆರೆಯ ಮುದುಕರನ್ನೋ ಕೇಳಿ, ಹೇಳಿದವರ ಹೆಸರಿನೊಡನೆ ತನ್ನ ನೋಟುಪುಸ್ತಕದಲ್ಲಿ ಬರೆದು ತರುವುದು. ಅವುಗಳಲ್ಲಿ ಉತ್ತಮವಾದುವನ್ನು ಆರಿಸಿ ಶಾಲೆಯ ದೊಡ್ಡ ಪುಸ್ತಕದಲ್ಲಿ ನಕಲು ಮಾಡಲಾಗುತ್ತಿತ್ತು. 1937ರ ಸೆಪ್ಟೆಂಬರಿನಲ್ಲಿ ಮೊದಲಾದ ಈ ಕೆಲಸವು 1939ರ ಆರಂಭದವರೆಗೆ ನಡೆಯಿತು.

ಇಲ್ಲಿ ವಿಚಾರಣೀಯವಾದ ಅಂಶವೊಂದಿದೆ. ಹಿಂದೆ ಯಾವ ಶಾಲೆಯು ಮಗುವನ್ನು ಅಜ್ಜಿಯ ಮಾತಿನಿಂದ ಬೇರ್ಪಡಿಸಿತ್ತೋ ಅದೇ ಶಾಲೆಯು ಈಗ ಮಗುವನ್ನು ಅಜ್ಜಿಯ ಬಳಿಗೆ ಶಿಷ್ಯನನ್ನಾಗಿ ಕಳುಹಿಸಿತು. ಅಕ್ಷರ ಕಲಿತ ಕಿರಿಯನು ಕೇಳುವವನಾದನು; ಓದುಬರಹವರಿಯದ ಹಿರಿಯರೂ ಗುರುಸ್ಥಾನದಲ್ಲಿ ಕುಳಿತರು. 1937ರಲ್ಲಿ 80 ವರ್ಷದವರಾಗಿದ್ದವರ ತಂದೆತಾಯಿಗಳು ಆ ಮಹಾಕ್ಷಾಮವನ್ನು ಕಣ್ಣಾರೆ ಕಂಡವರು. ಇನ್ನು ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಆ ಕೊಂಡಿಯು ಕಳಚಿಹೋಗುತ್ತಿತ್ತು.

ಫಲವೇನಾಯಿತು? 26 ಕೌಂಟಿಗಳ ಸುಮಾರು 5,000 ಶಾಲೆಗಳಿಂದ 50,000ಕ್ಕೂ ಮೇಲ್ಪಟ್ಟು ಮಕ್ಕಳು ಬರೆದು ಕೊಟ್ಟರು. ಮಕ್ಕಳ ನೋಟುಪುಸ್ತಕಗಳೂ ಶಾಲೆಯ ಪುಸ್ತಕಗಳೂ ಕೂಡಿ ಸುಮಾರು 7,40,000 ಪುಟಗಳು. ಶಾಲೆಯ ಪುಸ್ತಕಗಳನ್ನು 1,128 ಸಂಪುಟಗಳಾಗಿ ಕಟ್ಟಿಡಲಾಯಿತು. ಕೊರತೆಗಳೂ ಇಲ್ಲದಿಲ್ಲ. ದೊಡ್ಡ ನಗರಗಳ ಶಾಲೆಗಳಿಗೆ ವಿನಾಯಿತಿಯಿತ್ತು. ಬ್ರಿಟನ್ನಿಗೆ ಸೇರಿದ್ದ ಉತ್ತರದ 6 ಕೌಂಟಿಗಳು ಈ ಯೋಜನೆಯ ಹೊರಗುಳಿದವು. ಮಗುವೊಂದು ಕೇಳಿ ಬರೆದುದನ್ನು ಹಾಗೆಯೇ ಪ್ರಮಾಣವೆಂದು ಹಿಡಿಯುವಂತೆಯೂ ಇಲ್ಲ; ಇತರ ಆಧಾರಗಳೊಡನೆ ಹೋಲಿಸಿ ನೋಡಬೇಕಾಗುತ್ತದೆ. ಆದರೂ ಕ್ಷಾಮವನ್ನು ಬಡವರು ಹೇಗೆ ಉಂಡು ನೆನೆದರೆಂಬುದನ್ನು ಅರಿಯಲು ಇತಿಹಾಸಕಾರರು ಈ ಪುಟಗಳಿಗೆ ಮರಳಿ ಬರುತ್ತಾರೆ. ಆಯೋಗದ 1935ರಿಂದ 1970ರವರೆಗಿನ ಸಮಸ್ತ ಸಂಗ್ರಹವನ್ನು ಯುನೆಸ್ಕೋ ಸಂಸ್ಥೆಯು 2017ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಇಂದು ಅಂತರಜಾಲದಲ್ಲಿ ಐರಿಷ್ ಜನರು ತಮ್ಮ ತಂದೆತಾಯಿಗಳು ಬಾಲ್ಯದಲ್ಲಿ ಬರೆದ ಹಾಳೆಗಳನ್ನು ಅವರದೇ ಕೈಬರಹದಲ್ಲಿ ಓದಬಹುದಾಗಿದೆ.

ವಾಚಕರೇ, ಈ ಮಹತ್ಕಾರ್ಯಕ್ಕೆ ಬೇಕಾದುದೇನು? ವಾರಕ್ಕೊಂದು ಪ್ರಶ್ನೆ, ಒಂದು ನೋಟುಪುಸ್ತಕ, ಕೇಳುವ ವ್ಯವಧಾನವುಳ್ಳ ಒಂದು ಮಗು. ತಮ್ಮಲ್ಲಿ ಅಧ್ಯಾಪಕರಾಗಿರುವವರು ಅನೇಕರಿದ್ದೀರಿ; ವರ್ಷದಲ್ಲಿ ಹತ್ತು ಪ್ರಬಂಧಗಳನ್ನಾದರೂ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆಯುವಂತೆ ಮಾಡಬಹುದು. ಗೃಹಸ್ಥರಾಗಿರುವವರು ಅಜ್ಜನ ಬಳಿ ಮೊಮ್ಮಗನನ್ನು ಕೂರಿಸಿ, ಕೈಗೊಂದು ಲೇಖನಿ ಕೊಡಬಹುದು. ಹೇಳಿದವರ ಹೆಸರು, ಊರು, ವಯಸ್ಸು, ತೇದಿಗಳನ್ನು ಮರೆಯದೆ ಬರೆಯಿಸಿರಿ. ಹಿರಿಯರು ಹೇಳಲು ಸಿದ್ಧರಿದ್ದಾರೆ. ಅವರು ಕಾಯುತ್ತಿರುವುದು ಕೇಳುವವರಿಗಾಗಿ.