ತದಡಿ–ಅಘನಾಶಿನಿ ನಡುವಿನ ದೂರ ಮತ್ತು ಪ್ರಯಾಣದ ಅವಧಿ

ತದಡಿ ಮತ್ತು ಅಘನಾಶಿನಿ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಎರಡು ದಡಗಳಲ್ಲಿರುವ ಗ್ರಾಮಗಳು. ಮೀನುಗಾರಿಕಾ ಬಂದರಾದ ತದಡಿಯು ಉತ್ತರ ದಡದಲ್ಲಿಯೂ, ನದಿಯ ಹೆಸರನ್ನೇ ಹೊತ್ತಿರುವ ಅಘನಾಶಿನಿ ಗ್ರಾಮವು ದಕ್ಷಿಣ ದಡದಲ್ಲಿಯೂ ಇವೆ. ಇವುಗಳ ನಡುವಿನ ನೇರ ಅಂತರ ಸುಮಾರು 1 ಕಿ.ಮೀ.; ರಸ್ತೆಯ ದೂರ ಸುಮಾರು 40 ಕಿ.ಮೀ.

== ನೇರ ಅಂತರ ==
ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವಿನ ಅತಿ ಕಿರಿದಾದ ದೂರವನ್ನು ನೇರ ಅಂತರ ಅಥವಾ ವಾಯುಮಾರ್ಗದ ಅಂತರ ಎನ್ನಲಾಗುತ್ತದೆ. ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶಗಳಿಂದ ಇದನ್ನು ಲೆಕ್ಕ ಹಾಕುತ್ತಾರೆ. ನಡುವಿನ ನದಿ, ಬೆಟ್ಟ, ಕಾಡುಗಳನ್ನು ಈ ಲೆಕ್ಕ ಗಣಿಸುವುದಿಲ್ಲ. ಆದ್ದರಿಂದ ನೇರ ಅಂತರವೊಂದರಿಂದಲೇ ಪ್ರಯಾಣದ ಅವಧಿಯನ್ನು ನಿರ್ಣಯಿಸಲಾಗದು.

== ರಸ್ತೆ ಮಾರ್ಗ ==
ತದಡಿಯಿಂದ ಹೊರಟ ವಾಹನವು ಗೋಕರ್ಣದ ಕಡೆಗೆ ಸಾಗಿ, ಮಾದನಗೇರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ, ಮಿರ್ಜಾನದ ಸಮೀಪ ಸೇತುವೆಯ ಮೇಲೆ ನದಿಯನ್ನು ದಾಟುತ್ತದೆ. ಅಲ್ಲಿಂದ ಕುಮಟಾ ಪಟ್ಟಣಕ್ಕೆ ಬಂದು, ಮತ್ತೆ ಪಶ್ಚಿಮೋತ್ತರಕ್ಕೆ ತಿರುಗಿ ಅಘನಾಶಿನಿಯನ್ನು ತಲುಪುತ್ತದೆ. ಈ ಸುತ್ತು ಹೊನ್ನಾವರದಿಂದ ಭಟ್ಕಳಕ್ಕಿರುವ ರಸ್ತೆ ದೂರಕ್ಕೆ ಹೆಚ್ಚುಕಡಿಮೆ ಸಮನಾಗಿದ್ದು, ಇದಕ್ಕೆ ಸುಮಾರು ಒಂದು ಗಂಟೆ ಬೇಕು. ಬಸ್ಸು ಬದಲಿಸಬೇಕಾದವರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಕೊಂಕಣ ರೈಲು ಮಾರ್ಗದ ಗೋಕರ್ಣ ರೋಡ್ ಮತ್ತು ಕುಮಟಾ ನಿಲ್ದಾಣಗಳು ಎರಡೂ ಗ್ರಾಮಗಳಿಂದ ದೂರದಲ್ಲಿರುವುದರಿಂದ ಈ ಪ್ರಯಾಣಕ್ಕೆ ರೈಲು ಅನುಕೂಲಕರವಲ್ಲ.

== ಜಲಮಾರ್ಗ ==
ಅಳಿವೆಯನ್ನು ದೋಣಿಯಲ್ಲಿ ದಾಟಲು ಸುಮಾರು ಹತ್ತು ನಿಮಿಷ ಸಾಕು. ಹೊಳೆ ದಾಟಿಸುವ ಇಂತಹ ವ್ಯವಸ್ಥೆಗೆ ಈ ಭಾಗದಲ್ಲಿ 'ತಾರಿ' ಎಂಬ ಹೆಸರಿದೆ. ದಡದಲ್ಲಿ ದೋಣಿಗಾಗಿ ಕಾಯುವ ಹೊತ್ತು ದಾಟುವ ಹೊತ್ತಿಗಿಂತ ಹೆಚ್ಚಾಗಬಹುದು. ದಿನಕ್ಕೆ ಎರಡು ಬಾರಿ ಬರುವ ಉಬ್ಬರವಿಳಿತ, ಗಾಳಿ ಮತ್ತು ಮಳೆಗಾಲದ ಸೆಳೆತ ಪ್ರಯಾಣದ ಮೇಲೆ ಪ್ರಭಾವ ಬೀರುತ್ತವೆ. ಕುಮಟಾದಿಂದ ಗೋಕರ್ಣಕ್ಕೆ ಕಡಲತೀರದಲ್ಲಿ ನಡೆದು ಹೋಗುವ ಚಾರಣಿಗರೂ ಇಲ್ಲಿ ಹೊಳೆ ದಾಟುತ್ತಾರೆ.

== ಮಹತ್ವ ==
ತದಡಿ ಮತ್ತು ಗೋಕರ್ಣಗಳು ನದಿಯ ಉತ್ತರಕ್ಕಿದ್ದರೂ ಅವುಗಳ ತಾಲೂಕು ಕೇಂದ್ರವಾದ ಕುಮಟಾ ದಕ್ಷಿಣಕ್ಕಿದೆ. ಹೀಗಾಗಿ ಕಚೇರಿ ಕೆಲಸಕ್ಕಾಗಿ ಒಂದು ದಡದವರು ಹೊಳೆ ದಾಟಿದರೆ, ಗೋಕರ್ಣದ ಮಹಾಬಲೇಶ್ವರ ದೇವಾಲಯಕ್ಕಾಗಿ ಇನ್ನೊಂದು ದಡದವರು ದಾಟುತ್ತಾರೆ. ಮೀನು ಹಾಗೂ ಬಳಚು ಹಿಡಿಯುವವರಿಗೂ, ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ಅಳಿವೆಯೇ ಜೀವನಾಧಾರ. ಕೊನೆಯ ದೋಣಿ ತಪ್ಪಿದವರಿಗೆ ಎದುರಿಗೆ ಕಾಣುವ ಊರು 40 ಕಿ.ಮೀ. ದೂರವಾಗುತ್ತದೆ, ರೋಗಿಯನ್ನು ಸಾಗಿಸಬೇಕಾದ ರಾತ್ರಿ ಈ ವ್ಯತ್ಯಾಸ ನಿರ್ಣಾಯಕ.

== ಹಿನ್ನೆಲೆ ==
ಹೆದ್ದಾರಿಗಳು ಬರುವ ಮೊದಲು ಈ ಕರಾವಳಿಯಲ್ಲಿ ನೀರೇ ಮುಖ್ಯ ಮಾರ್ಗವಾಗಿತ್ತು. ನದಿಯ ದಡದ ಮಿರ್ಜಾನ ಹಿಂದೆ ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಅಂದು ಊರುಗಳನ್ನು ಜೋಡಿಸುತ್ತಿದ್ದ ನೀರು, ರಸ್ತೆ ಸಂಚಾರ ಬೆಳೆದಂತೆ ಅವುಗಳ ನಡುವಿನ ಅಡ್ಡಿಯಾಗಿ ಪರಿಣಮಿಸಿತು. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು.